ಮೊದಲ ಕಾರು ಮಾಡಿದ್ದು ಫೋರ್ಡ್ ಅಲ್ಲ
ಬದಿಯಡ್ಕದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ‘ಜಗತ್ತಿನ ಮೊದಲ ಕಾರು ಮಾಡಿದ್ದು ಹೆನ್ರಿ ಫೋರ್ಡ್, 1908ರಲ್ಲಿ’ ಎಂಬ ಸಂದೇಶ ಸುತ್ತುತ್ತಿದೆ. ಅದು ತಪ್ಪು. ಪೆಟ್ರೋಲ್ ಎಂಜಿನ್ನಿನ ಮೂರು ಚಕ್ರದ ಗಾಡಿಗೆ ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲೇ ಪೇಟೆಂಟ್ ಪಡೆದಿದ್ದರು.

1888ರಲ್ಲಿ ಅವರ ಹೆಂಡತಿ ಬರ್ತಾ, ಗಂಡನಿಗೂ ಹೇಳದೆ, ಇಬ್ಬರು ಗಂಡುಮಕ್ಕಳ ಜೊತೆ ಅಂಥದ್ದೇ ಗಾಡಿಯಲ್ಲಿ ತವರೂರಿಗೆ ಹೊರಟುಬಿಟ್ಟರು. ಸುಮಾರು 100 ಕಿಲೋಮೀಟರ್. ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ಬಂದಷ್ಟು ದೂರ ಅಲ್ವಾ! ಆಗ ಪೆಟ್ರೋಲ್ ಬಂಕ್ ಎಲ್ಲಿತ್ತು? ದಾರಿಯಲ್ಲಿ ಇಂಧನ ಸಿಕ್ಕಿದ್ದು ಔಷಧಿ ಅಂಗಡಿಯಲ್ಲಿ.

1908 ಫೋರ್ಡ್ ಅವರ ಮಾಡೆಲ್ ಟಿ ಎಂಬ ಕಾರು ಬಂದ ವರ್ಷ, ಅಷ್ಟೆ. ಅವರ ದೊಡ್ಡ ಕೆಲಸ 1913ರದ್ದು: ಕಾರ್ಖಾನೆಯಲ್ಲಿ ಕಾರೇ ಕೆಲಸಗಾರರ ಮುಂದೆ ಸಾಗುತ್ತಾ ಹೋಗುವ ವ್ಯವಸ್ಥೆ. 12 ಗಂಟೆಗೂ ಜಾಸ್ತಿ ಹಿಡಿಯುತ್ತಿದ್ದ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಬೆಲೆಯೂ ಇಳಿದು ಅಮೆರಿಕದ ರೈತರೂ ಕಾರು ಕೊಂಡರು.