ನನಗೇನಾಗಿಲ್ಲ, ಬರೀ ಬಿ-12 ಕಮ್ಮಿ

ನಮ್ಮ ಓಣಿಯಲ್ಲಿ ಒಬ್ಬರಿಗೂ ಮನಸ್ಸಿನ ಕಾಯಿಲೆ ಇಲ್ಲ. ಬೇಕಾದರೆ ಬಂದು ಮನೆಮನೆ ವಿಚಾರಿಸಿ. ರಾತ್ರಿ ಎರಡಕ್ಕೆ ಎದ್ದು ಮಾಳಿಗೆ ಮೆಟ್ಟಿಲ ಮೇಲೆ ಕೂತು ಬೆಳಗು ಮಾಡುವ ಜೀನ್ಸ್ ಟೇಲರಿಗೆ ಮೆಗ್ನೀಸಿಯಂ ಕಮ್ಮಿ. ಯುಗಾದಿ ದಿನವೂ ಹಾಸಿಗೆ ಬಿಟ್ಟೇಳದ ಎದುರುಮನೆ ಸೊಸೆಗೆ ಐರನ್ ಕಮ್ಮಿ. ಬಾಗಿಲು ಹಾಕಿಕೊಂಡು ಅಳುವ ಪಿಯುಸಿ ಹುಡುಗನಿಗೆ ಡಿ ಕಮ್ಮಿ. ಡಿ ಅಂದರೆ ವಿಟಮಿನ್ನು. ಡಿಸ್ಟಿಂಕ್ಷನ್ ಕಮ್ಮಿಯಾಗಿರುವುದು ಅವರಪ್ಪನ ಲೆಕ್ಕದಲ್ಲಿ. ನನಗೆ ಬಿ-12 ಕಮ್ಮಿ. ಹೀಗೆ ಇಂಗ್ಲಿಷ್ ಅಕ್ಷರಗಳನ್ನೆಲ್ಲ ಓಣಿಯವರು ಮನೆಗೊಂದರಂತೆ ಹಂಚಿಕೊಂಡಿದ್ದೇವೆ. ‘ತಲಿ ಡಾಕ್ಟ್ರ’ ಹತ್ತಿರ ಹೋಗಬೇಕಾದವರು ಮಾತ್ರ ಯಾರೂ ಇಲ್ಲ. ಅವರೆಲ್ಲ ಹಿಂದಿನ ಓಣಿಯಲ್ಲಿದ್ದಾರೆ. ಹಿಂದಿನ ಓಣಿಯವರನ್ನು ಕೇಳಿದರೆ ನಮ್ಮ ಕಡೆ ಕೈ ತೋರಿಸುತ್ತಾರೆ.

ಊರು ಯಾವುದೆಂದು ಹೇಳಿದರೆ ನೀವು ನಗುತ್ತೀರಿ. ಬಳ್ಳಾರಿ. ಏಪ್ರಿಲ್ ಬಂತೆಂದರೆ ಊರ ನಡುವಿನ ಬೆಟ್ಟ ರೊಟ್ಟಿ ಹಂಚಿನಂತೆ ಕಾದು, ರಾತ್ರಿ ಹನ್ನೊಂದಾದರೂ ನಮ್ಮ ಮೇಲೆ ಝಳ ಉಗುಳುತ್ತಿರುತ್ತದೆ. ರಾಯಲ್ ಸರ್ಕಲ್ಲಿನಲ್ಲಿ ಕೆಂಪು ದೀಪ ಬಿದ್ದರೆ ಬೈಕಿನವರು ಸಿಗ್ನಲ್ ಹತ್ತಿರ ನಿಲ್ಲುವುದಿಲ್ಲ, ಹಿಂದೆಲ್ಲೋ ಅಂಗಡಿ ಬೋರ್ಡಿನ ನೆರಳು ಬಿದ್ದಲ್ಲಿ ನಿಲ್ಲುತ್ತಾರೆ. ಇಂಥ ಊರಿನಲ್ಲಿ, ಸೂರ್ಯ ಪುಕ್ಕಟೆ ಕೊಡುವ ವಿಟಮಿನ್ನನ್ನು ಪುಡಿ ಮಾಡಿ ಪೊಟ್ಟಣ ಕಟ್ಟಿ ಮಾರುತ್ತಾರೆ, ನಾವು ಕೊಳ್ಳುತ್ತೇವೆ. ಕೊರತೆ ಸುಳ್ಳಲ್ಲ, ಅದೇ ಮಜಾ. ಚರ್ಮಕ್ಕೆ ಬಿಸಿಲು ತಾಗಿದರೆ ತಾನೇ ವಿಟಮಿನ್ ಹುಟ್ಟುವುದು? ನಾವು ಮುಖಕ್ಕೆ ಸ್ಕಾರ್ಫು, ಕೈಗೆ ಗ್ಲೌಸು, ಕಾರಿಗೆ ಗಾಜು. ಗಾಜಿನೊಳಗೆ ಝಳ ಬರುತ್ತದೆ, ವಿಟಮಿನ್ ಹುಟ್ಟಿಸುವ ಕಿರಣ ಬರುವುದಿಲ್ಲ. ಬೇಯುವ ಭಾಗ್ಯವಷ್ಟೇ ನಮ್ಮದು.

ಕಬ್ಬಿಣದ ಕಥೆ ಇನ್ನೂ ಚೆನ್ನ. ಸಂಡೂರಿನ ಗುಡ್ಡ ಅಗೆದು ಚೀನಾದವರೆಗೆ ಅದಿರು ಕಳಿಸಿದ ನಾಡು ನಮ್ಮದು. ಆ ದಿನಗಳಲ್ಲಿ ರಸ್ತೆ ಬದಿ ಇಡ್ಲಿ ತಿಂದರೆ ಚಟ್ನಿಗೆ ಮೊದಲು ಕಬ್ಬಿಣವೇ ಸಿಗುತ್ತಿತ್ತು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ರಾಜ್ಯದ ಹೆಂಗಸರಲ್ಲಿ ನೂರಕ್ಕೆ 47ಕ್ಕೂ ಹೆಚ್ಚು ಮಂದಿಗೆ ರಕ್ತ ಕಮ್ಮಿ. ಸುಸ್ತು, ಬೇಸರ, ಯಾವುದರಲ್ಲೂ ಮನಸ್ಸಿಲ್ಲ ಅನ್ನುವುದರ ಹಿಂದೆ ಎಷ್ಟೋ ಸಲ ಇದೂ ಇರುತ್ತದೆ. ಆಶಾ ಅಕ್ಕ ಪುಕ್ಕಟೆ ಕೊಟ್ಟ ಕಬ್ಬಿಣದ ಗುಳಿಗೆ ದೇವರ ಮಾಡದಲ್ಲಿ ಎಣ್ಣೆ ಶೀಶೆಯ ಹಿಂದೆ ಬಿದ್ದಿರುತ್ತದೆ. ಸಾವಿರದ ಇನ್ನೂರು ಕೊಟ್ಟು ತಂದ ಡಬ್ಬಿ ಶೋಕೇಸಿನಲ್ಲಿ, ಮಗ ಗೆದ್ದ ಕಬಡ್ಡಿ ಕಪ್ಪಿನ ಪಕ್ಕದಲ್ಲಿ. ಪುಕ್ಕಟೆ ಸಿಕ್ಕಿದ್ದರಲ್ಲಿ ತಾಕತ್ತು ಎಲ್ಲಿಂದ ಬರಬೇಕು ಹೇಳಿ.

ಇನ್ನೊಂದು ಮಾತು. ‘ಬಳ್ಳಾರಿ ಮಾಡೆಲ್’ ಅಂತ ಒಂದಿದೆ. ನಾನು ಬಹಳ ವರ್ಷ ಅದನ್ನು ಗಣಿಗೆ ಸಂಬಂಧಪಟ್ಟ ಬೈಗುಳ ಅಂದುಕೊಂಡಿದ್ದೆ. ಅಲ್ಲವಂತೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟು, ಗುಳಿಗೆ ಅಲ್ಲೇ ಸಿಗುವಂತೆ ಮಾಡಿ, ಮನಸ್ಸಿನ ಕಾಯಿಲೆಯವರನ್ನು ದೂರದ ಊರಿಗೆ ಅಲೆಸದೆ ನೋಡಿಕೊಳ್ಳಬಹುದು ಅಂತ ನಿಮ್ಹಾನ್ಸ್‌ನವರು 1985ರಿಂದ ಐದು ವರ್ಷ ಮಾಡಿ ತೋರಿಸಿದ್ದು ಇದೇ ಜಿಲ್ಲೆಯಲ್ಲಿ. ಅದನ್ನೇ ಅಚ್ಚು ಮಾಡಿಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿತು. ದೇಶದ ಮನೋವೈದ್ಯ ವಿದ್ಯಾರ್ಥಿಗಳೆಲ್ಲ ನಮ್ಮೂರ ಹೆಸರು ಓದಿ ಪರೀಕ್ಷೆ ಪಾಸಾಗುತ್ತಾರೆ. ನಾವು ಮಾತ್ರ ಫೇಲು. ನಮಗೆ ಗೊತ್ತಿರುವ ಮಾಡೆಲ್ ಬೇರೆ: ಮೂಲಿಮನಿ ಮಾಮನದು.

ಮೂಲಿಮನಿ ಮಾಮ ಮೊದಲು ಸೆಕೆಂಡ್ ಹ್ಯಾಂಡ್ ಲಾರಿ ಕೊಡಿಸುತ್ತಿದ್ದ. ಗಣಿ ನಿಂತಾಗ ಲಾರಿಯೂ ನಿಂತಿತು. ಈಗ ‘ವೆಲ್‌ನೆಸ್ ಕೋಚ್’. ತಿಂಗಳಿಗೊಮ್ಮೆ ಫಂಕ್ಷನ್ ಹಾಲಿನಲ್ಲಿ ಮೀಟಿಂಗು. ಕೆಳಗೆ ಕೂತವರು ಸಿಲ್ವರ್, ಸ್ಟೇಜ್ ಹತ್ತಿದವರು ಡೈಮಂಡ್. ಬೆಂಗಳೂರಿನಿಂದ ಬಂದ ಕೋಟಿನ ಮನುಷ್ಯನೊಬ್ಬ, ಆ ಸೆಕೆಯಲ್ಲೂ ಕೋಟು ಬಿಚ್ಚದೆ, ಮನುಷ್ಯನ ಸಕಲ ದುಃಖಕ್ಕೂ ಒಮೇಗಾ-3 ಕೊರತೆಯೇ ಮೂಲ ಅಂತ ಸಾಬೀತು ಮಾಡಿದ. ಆಮೇಲೆ ಎಲ್ಲರಿಗೂ ವಗ್ಗರಣಿ, ಮಿರ್ಚಿ. ಎಣ್ಣೆ ಸೋರುವ ಪೇಪರ್ ತಟ್ಟೆ ಹಿಡಿದುಕೊಂಡೇ ಹದಿನಾರು ಜನ ಮೆಂಬರಾದರು.

ಮಾಮ ಕೊಟ್ಟ ಮೀನೆಣ್ಣೆ ಡಬ್ಬಿಯನ್ನು ನಾನು ಓದಿದೆ. ಓದುವ ಚಟ, ಏನು ಮಾಡುವುದು. ಖಿನ್ನತೆಗೆ ಗುಳಿಗೆ ತಗೊಳ್ಳುತ್ತಿರುವವರಿಗೆ ಅದರ ಜೊತೆ ಮೀನೆಣ್ಣೆ ಕೊಟ್ಟು ನೋಡಿದ ಪ್ರಯೋಗಗಳಿವೆ. ಇಪಿಎ ಅನ್ನುವ ಕೊಬ್ಬಿನಂಶ ಹೆಚ್ಚಿರಬೇಕು, ದಿನಕ್ಕೆ ಒಂದೆರಡು ಗ್ರಾಂ ಬೇಕು, ಆಗ ಕೆಲವರಿಗೆ ಒಂದಿಷ್ಟು ಉಪಯೋಗವಾಗಬಹುದು ಅನ್ನುವಷ್ಟು ಅವು ಹೇಳುತ್ತವೆ. ಮಾಮನ ಡಬ್ಬಿಯಲ್ಲಿ ಮುಂದೆ ದಪ್ಪಕ್ಷರದಲ್ಲಿ ಸಾವಿರ ಮಿಲಿಗ್ರಾಂ. ಹಿಂದೆ ಇರುವೆ ಗಾತ್ರದಲ್ಲಿ ಇಪಿಎ 180. ಒಂದು ಗ್ರಾಂ ಮುಟ್ಟಬೇಕಾದರೆ ದಿನಕ್ಕೆ ಐದಾರು ಕ್ಯಾಪ್ಸೂಲು ನುಂಗಬೇಕು. ಡಬ್ಬಿ ಹತ್ತು ದಿನಕ್ಕೆ ಖಾಲಿ, ಜೇಬು ಅದಕ್ಕೂ ಮೊದಲು. “ಮತ್ತ ಅಗಸಿ ಹಿಂಡಿ ತಿಂದ್ರ ಆಗಲ್ಲೇನು ಮಾಮ, ಅದ್ರಾಗೂ ಒಮೇಗಾ ಐತಂತ?” ಅಂದೆ. ಅಗಸಿಯದು ಬೇರೆ ಜಾತಿಯ ಒಮೇಗಾ, ದೇಹ ಅದನ್ನು ಇಪಿಎ ಮಾಡಿಕೊಳ್ಳುವುದು ಬಹಳ ಸ್ವಲ್ಪ. ಹಾಗಂತ ಹೇಳಿದ್ದರೆ ನಾನು ಸೋಲುತ್ತಿದ್ದೆ. ಮಾಮ ಹೇಳಿದ್ದು ಬೇರೆ: “ಅಗಸಿಗೆ ಪಾಯಿಂಟ್ಸ್ ಬರಲ್ಲ ಅಳಿಯಾ.” ಬೆಳ್ಳುಳ್ಳಿಯನ್ನೂ ಮುಟ್ಟದ ನಮ್ಮತ್ತೆಗೆ ಅದೇ ಮೀನೆಣ್ಣೆ ದಾಟಿಸಿದ್ದಾನೆ. ಕೇಳಿದರೆ, “ಮೀನು ಎಲ್ಲೈತಿ ಅದ್ರಾಗ? ಕ್ಯಾಪ್ಸೂಲ್ ಅದು.”

ಡಬ್ಬಿಯ ಮೇಲೆ ಇನ್ನೊಂದು ಸಾಲು ಇರಲೇಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ: ಇದು ಔಷಧವಾಗಿ ಬಳಸಲಿಕ್ಕಲ್ಲ. ನಾನು ಬೆರಳಿಟ್ಟು ತೋರಿಸಿದೆ. ಮಾಮನ ಮುಖ ಅರಳಿತು. “ಅದನ್ನ ಹೇಳಾಕತ್ತೀನಿ ನಾನೂ! ಔಷಧಿ ಅಲ್ಲ ಅಂತ ಕಂಪನಿಯವ್ರೇ ಬರದಾರ. ಅಂದ್ರ ಸೈಡ್ ಎಫೆಕ್ಟ್ ಇಲ್ಲ. ಪೂರಾ ನ್ಯಾಚುರಲ್.” ನಮ್ಮ ಹಿತ್ತಲ ಬೇಲಿಯ ದತ್ತೂರಿಯೂ ಪೂರಾ ನ್ಯಾಚುರಲ್ಲೇ.

ಡಬ್ಬಿ ಕೊಳ್ಳುವ ತಾಕತ್ತಿಲ್ಲದವರಿಗೆ ಬಾಟ್ಲಿ ಇದೆ. ಬಾಟ್ಲಿ ಅಂದರೆ ಸಲೈನು. ಮನೆಯಲ್ಲಿ ಯಾರಾದರೂ ಎರಡು ದಿನ ಮಾತಾಡಲಿಲ್ಲ, ಉಣ್ಣಲಿಲ್ಲ ಅಂದರೆ ಕರೆದುಕೊಂಡು ಹೋಗಿ ‘ಒಂದ್ ಗ್ಲೂಕೋಸ್ ಹಚ್ಚಿಸೋದು’ ನಮ್ಮ ಕಡೆಯ ಶಾಸ್ತ್ರ. ಮೊಳೆಗೆ ನೇತುಹಾಕಿದ ಬಾಟ್ಲಿಗೆ ಕೆಂಪು ಸೂಜಿಯ ಮದ್ದು ಬೆರೆಸಿದರೆ ನೋಡುವವರಿಗೂ ಧೈರ್ಯ. ಅರ್ಧ ಲೀಟರಿನ ಐದು ಪರ್ಸೆಂಟ್ ಬಾಟ್ಲಿಯಲ್ಲಿ ಇರುವ ಗ್ಲೂಕೋಸು 25 ಗ್ರಾಂ, ಐದಾರು ಚಮಚ ಸಕ್ಕರೆಯಷ್ಟು. ಆದರೆ ಸಕ್ಕರೆ ಡಬ್ಬಿಯನ್ನು ಯಾರಾದರೂ ಮೊಳೆಗೆ ನೇತುಹಾಕುತ್ತಾರೆಯೇ? ಆ ಎರಡು ತಾಸಿನಲ್ಲಿ ಒಳ್ಳೆಯದಾಗುವುದು ಒಂದಿದೆ. ಮನೆಯವರು ಸುತ್ತ ಕೂತು ಕೈ ಹಿಡಿದಿರುತ್ತಾರೆ. ಅದಕ್ಕೆ ಬಿಲ್ ಮಾಡುವುದಿಲ್ಲ.

ಇನ್ನು ನನ್ನ ವಿಷಯ, ಮುಚ್ಚಿಡುವುದೇನು. ಎಂಟು ತಿಂಗಳ ಹಿಂದೆ ನನಗೆ ಬೆಳಗಾಗುವುದೇ ಬೇಡವಾಗಿತ್ತು. ಡಾಕ್ಟರ್ ಹತ್ತಿರ ಹೋಗಬೇಕು, ಆದರೆ ಊರಲ್ಲಿ ಯಾರಾದರೂ ನೋಡಿದರೆ? ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಂಗಳವಾರ ‘ಮನೋಚೈತನ್ಯ’ ಅಂತ ಮನಸ್ಸಿನ ಕಾಯಿಲೆಯವರ ಕ್ಲಿನಿಕ್ಕು ನಡೆಯುತ್ತದೆ. ಪಕ್ಕದ ತಾಲ್ಲೂಕಿಗೆ ಬಸ್ಸು ಹತ್ತಿದೆ. ಮಂಗಳವಾರ ಬಹಳ ಅನುಕೂಲದ ವಾರ. ಎಲ್ಲಿಗೆ ಅಂದರೆ ದುರ್ಗಮ್ಮನ ಗುಡಿಗೆ ಅನ್ನಬಹುದು. ಆಸ್ಪತ್ರೆ ವರಾಂಡದಲ್ಲಿ ಬೆಂಚಿನ ತುದಿಗೆ ಮುಖ ತಗ್ಗಿಸಿ ಕೂತು, ಮೆಲ್ಲಗೆ ಕಣ್ಣೆತ್ತಿದರೆ ಎದುರಿಗೆ ಜೀನ್ಸ್ ಟೇಲರ್. ಅವನಿಂದ ಮೂರಾಳು ಆಚೆ ಎದುರುಮನೆ ಸೊಸೆ, ಜೊತೆಗೆ ಅವಳ ಅತ್ತೆ. ಒಂದು ಕ್ಷಣ ನಾಲ್ವರೂ ಮೂರ್ತಿಗಳಾದೆವು. ಮೊದಲು ಚೇತರಿಸಿಕೊಂಡವರು ಅತ್ತೆಯೇ: “ಸೀರಿ ತಗಳ್ಳಾಕ ಬಂದಿದ್ವಪ್ಪ. ಇಲ್ಲಿ ಫ್ಯಾನ್ ಐತಂತ ಕುಂತ್ವಿ.” ಟೇಲರ್, “ನಾನು ದಾರ ತರಾಕ.” ನಾನು, “ಬಿ-12.” ಬರುವಾಗ ಒಂದೇ ಬಸ್ಸು. ಸೀಟು ಬೇಕಾದಷ್ಟಿದ್ದವು, ಮೂರು ಮೂಲೆಗೆ ಕೂತೆವು. ಅವರ ಕೈಯಲ್ಲಿ ಸೀರೆ ಇರಲಿಲ್ಲ, ಇವನ ಕೈಯಲ್ಲಿ ದಾರ ಇರಲಿಲ್ಲ. ನನ್ನ ಕೈಯಲ್ಲಿ ಮಾತ್ರ ಬಿ-12 ನಿಜವಾಗಿಯೂ ಇತ್ತು.

ಯಾಕೆಂದರೆ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದ್ದರು. ಥೈರಾಯ್ಡ್ ಸರಿ, ಬಿ-12 ಪಾತಾಳ. ಏನೇನು ಮಾತ್ರೆ ನುಂಗುತ್ತೀರಿ ಅಂತ ಕೇಳಿದರು. ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಅಸಿಡಿಟಿ ಗುಳಿಗೆ ಅಂದೆ. ಯಾಕೆ? ದಿನಾ ಸಂಜೆ ಮಿರ್ಚಿ. ಅಸಿಡಿಟಿ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದರೆ ಊಟದ ಬಿ-12 ಮೈಗೆ ಹತ್ತುವುದು ಕಮ್ಮಿಯಾಗಬಹುದಂತೆ. ಶುಗರಿನ ಮೆಟ್‌ಫಾರ್ಮಿನ್ನಿನಿಂದಲೂ ಹಾಗೇ. ಮಿರ್ಚಿಗೆ ಗುಳಿಗೆ, ಗುಳಿಗೆಗೆ ವಿಟಮಿನ್ನು, ವಿಟಮಿನ್ನಿನಿಂದ ಹಸಿವು, ಹಸಿವಿಗೆ ಮಿರ್ಚಿ: ಇದನ್ನು ಆರ್ಥಿಕತೆ ಅನ್ನುತ್ತಾರೆ. ಅವರು ಎರಡು ಬರೆದರು. ಖಿನ್ನತೆಗೆ ಒಂದು ಬಿಳಿ ಸಣ್ಣ ಗುಳಿಗೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು ಅಂದರು. ಕೊರತೆಗೆ ಬಿ-12. “ಇದು ಅದರ ಜೊತಿಗೆ. ಅದರ ಬದಲಿಗೆ ಅಲ್ಲ,” ಅಂತ ಎರಡು ಸಲ ಹೇಳಿದರು. ನಾನು ಮನೆಗೆ ಬಂದವನೇ ಬಿಳಿ ಗುಳಿಗೆಗಳನ್ನು ಪಟ್ಟಿಯಿಂದ ಒಡೆದು ವಿಟಮಿನ್ ಡಬ್ಬಿಯೊಳಗೆ ಸುರಿದುಕೊಂಡೆ. ಜೊತೆಗೆ ಅಂದರೆ ಜೊತೆಗೇ.

ಈ ‘ಜೊತೆಗೆ’ ಅನ್ನುವ ಒಂದು ಪದವನ್ನು ನಮ್ಮೂರು ಅರಗಿಸಿಕೊಂಡಿಲ್ಲ. ಪದ ಎರಡು ಕಡೆಯಿಂದಲೂ ಕಚ್ಚುತ್ತದೆ. ಬದಲಿಗೆ ಅಂದುಕೊಂಡವರು ಗುಳಿಗೆ ಬಿಟ್ಟು ಡಬ್ಬಿ ಹಿಡಿಯುತ್ತಾರೆ. ಪರಿಚಯದ ಹುಡುಗನೊಬ್ಬನಿಗೆ ಮನೆಯವರು ಹಾಗೆ ಮಾಡಿದರು. ಕೆಲವೇ ವಾರದಲ್ಲಿ ಅವನನ್ನು ಆಂಬುಲೆನ್ಸಿನಲ್ಲಿ ಒಯ್ಯಬೇಕಾಯಿತು. ಇಲ್ಲಿ ನನಗೆ ತಮಾಷೆ ಹೊಳೆಯುವುದಿಲ್ಲ, ಮುಂದೆ ಹೋಗೋಣ. ಜೊತೆಗೆ ಅಂದುಕೊಂಡವರು ಡಾಕ್ಟರಿಗೆ ಹೇಳದೆ ಎಲ್ಲವನ್ನೂ ಒಟ್ಟಿಗೆ ನುಂಗುತ್ತಾರೆ. ಆನ್‌ಲೈನಿನಲ್ಲಿ ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡದ ‘ಮೂಡ್’ ಕ್ಯಾಪ್ಸೂಲು ಸಿಗುತ್ತದೆ. ಖಿನ್ನತೆಯ ಗುಳಿಗೆಯ ಜೊತೆ ಅದು ಸೇರಿದರೆ ಸೆರೊಟೋನಿನ್ ಅನ್ನುವ ಮಿದುಳಿನ ರಾಸಾಯನಿಕ ಮಿತಿಮೀರಿ ನಡುಕ, ಜ್ವರ, ವಿಪರೀತ ಬೆವರು. ಮೇ ತಿಂಗಳ ಬಳ್ಳಾರಿಯಲ್ಲಿ ಬೆವರನ್ನು ಲಕ್ಷಣ ಅಂತ ಯಾರು ಗುರುತು ಹಿಡಿಯಬೇಕು! ಮನಸ್ಸಿನ ವಿಪರೀತ ಏರಿಳಿತಕ್ಕೆ ಲಿಥಿಯಂ ಗುಳಿಗೆ ತಗೊಳ್ಳುವವರು ಏಕಾಏಕಿ ಉಪ್ಪು ಬಿಟ್ಟರೆ, ನೀರು ಕಮ್ಮಿ ಕುಡಿದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗುತ್ತದೆ. ಮಾಮನ ಹತ್ತಿರ ಇಪ್ಪತ್ತೊಂದು ದಿನದ ‘ಉಪ್ಪಿಲ್ಲದ ಡಿಟಾಕ್ಸ್’ ಪ್ಯಾಕೇಜಿದೆ. ಅರವತ್ತು ಸಾವಿರ ಯೂನಿಟ್ಟಿನ ಡಿ ಪೊಟ್ಟಣವನ್ನು ಡಾಕ್ಟರ್ ವಾರಕ್ಕೊಂದು ಅಂತ ಬರೆದರೆ, ‘ಲಗೂನ ಆರಾಮಾಗ್ಲಿ’ ಅಂತ ದಿನಕ್ಕೊಂದು ತಗೊಂಡವರನ್ನೂ ನೋಡಿದ್ದೇನೆ. ಸಿ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ. ಡಿ ಹಾಗೆ ಹೋಗುವುದಿಲ್ಲ, ಕೊಬ್ಬಿನಲ್ಲಿ ಬೀಡುಬಿಟ್ಟು ರಕ್ತದ ಕ್ಯಾಲ್ಸಿಯಂ ಏರಿಸಿ ವಾಂತಿ, ಮಂಕು, ಕಿಡ್ನಿಯವರೆಗೆ ಎಳೆಯುತ್ತದೆ.

ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿ ಮಾನಸ್ ಅಂತ 2022ರಲ್ಲಿ ಸರ್ಕಾರ ಪುಕ್ಕಟೆ ಫೋನು ಶುರುಮಾಡಿತು, 14416, ಕನ್ನಡದಲ್ಲೂ ಮಾತಾಡುತ್ತಾರೆ. ಐದೇ ಅಂಕಿ. ನಮ್ಮ ಓಣಿಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಮಾಮನ ರೆಫರಲ್ ಕೋಡು ಒಂಬತ್ತಕ್ಷರದ್ದು, ಮಕ್ಕಳಿಗೂ ಬಾಯಿಪಾಠ.

ಮೊನ್ನೆ ಸಂಜೆ ಮಾಮನೇ ಮನೆಗೆ ಬಂದ. ಚಾ ಕುಡಿಯುತ್ತ ನನ್ನನ್ನೇ ದಿಟ್ಟಿಸಿದ.

“ಅಳಿಯಾ, ಮುಖದಾಗ ಕಳೆ ಬಂದೈತಲ್ಲ! ಮದ್ಲಿನಂಗ ನಗಾಕತ್ತೀಯ. ನನ್ ಪ್ರಾಡಕ್ಟ್ ಅಂತೂ ನೀ ತಗಳ್ಳಿಲ್ಲ. ಯಾವ ಕಂಪನಿದು?”

ಡಬ್ಬಿ ತೋರಿಸಿದೆ. ಅಂಗೈ ಮೇಲೆ ಸುರಿದುಕೊಂಡ. ಕೆಂಪು ಯಾವುದು, ಬಿಳಿ ಯಾವುದು ಅಂತ ಕೇಳಿದ. ಈ ಸಲ ಸುಳ್ಳು ಹೇಳಲು ಬೇಸರವಾಯಿತು. ಬಿಳಿಯದು ಮನಸ್ಸಿನ ಗುಳಿಗೆ, ಡಾಕ್ಟ್ರು ಕೊಟ್ಟಿದ್ದು, ಪಕ್ಕದ ತಾಲ್ಲೂಕಿನ ಸರ್ಕಾರಿ ಆಸ್ಪತ್ರೇದು, ಮಂಗಳವಾರ ಮಂಗಳವಾರ ನೋಡ್ತಾರ ಅಂದೆ.

ಮಾಮ ಗಾಬರಿಯಾಗಲಿಲ್ಲ. ವ್ಯಾಪಾರಸ್ಥನ ಕಣ್ಣು. “ಕಮಿಷನ್ ಎಷ್ಟು ಬೀಳ್ತದ?”

“ಇಲ್ಲ ಮಾಮ.”

“ಜಾಯಿನಿಂಗ್?”

“ಚೀಟಿ ಮಾಡಿಸ್ಬೇಕು. ಪಾಳೇದಾಗ ಕುಂದ್ರಬೇಕು.”

“ಹಂಗಾದ್ರ ಅದು ನಮ್ಮೂರಾಗ ನಡ್ಯಲ್ಲ ಬಿಡು,” ಅಂತ ಗುಳಿಗೆಗಳನ್ನು ಎಣಿಸಿ ಡಬ್ಬಿಗೆ ವಾಪಸು ಹಾಕಿ ಎದ್ದ. ಅವನ ಬ್ಯಾಗಿನಲ್ಲಿ ನಿದ್ದೆಗೆಂದು ಮಾರುವ ಗಮ್ಮಿ ಮಿಠಾಯಿಯ ಡಬ್ಬಿ ಒಂದು ಒಡೆದಿತ್ತು, ಮುಕ್ಕಾಲು ಖಾಲಿ. ಮಾರಲು ಇಟ್ಟಿದ್ದಲ್ಲ. ಗೇಟಿನ ಹೊರಗೆ ಹೋಗಿ ಗಾಡಿ ಸ್ಟಾರ್ಟ್ ಮಾಡಿದ, ಮತ್ತೆ ಆಫ್ ಮಾಡಿದ. ಓಣಿಯ ಆ ತುದಿ ಈ ತುದಿ ನೋಡಿದ.

“ಅಲ್ಲಾ ಅಳಿಯಾ... ಮಂಗಳವಾರ ಆ ಊರಿಗೆ ಮದ್ಲೇ ಬಸ್ಸು ಎಷ್ಟೊತ್ತಿಗೆ?”