8192ನೇ ಬೈಟ್‌ನಲ್ಲಿ ತುಂಡಾದ ಕಡತ

ನೂರಾರು ವರ್ಚುವಲ್ ಮೆಷಿನ್‌ಗಳ (ತಂತ್ರಾಂಶದಲ್ಲೇ ಕಟ್ಟಿದ ಕಂಪ್ಯೂಟರ್‌ಗಳ) ಯಜಮಾನಿಕೆ ವಹಿಸಿಕೊಂಡಿರುವ ನಿರ್ವಹಣಾ ಸರ್ವರ್, ತಾನೇ ಬರೆದು ತಾನೇ ಕೆಡಿಸಿಕೊಂಡ ಒಂದು ಪುಟ್ಟ ಪಠ್ಯ ಕಡತವನ್ನು ಓದಲಾರದೆ ಮಕಾಡೆ ಮಲಗಿದ್ದರಿಂದ, ನಿನ್ನೆ ರಾತ್ರಿ ಹನ್ನೊಂದರಿಂದ ಬೆಳಗಿನ ಐದೂವರೆಯವರೆಗೆ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತಿದ್ದೆ. ನಿದ್ದೆ ಕೆಟ್ಟದ್ದಕ್ಕೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಸಿಸ್ಟಮ್ ಅಡ್ಮಿನ್ ಕೆಲಸಕ್ಕೆ ಸೇರಿದ ದಿನವೇ ಅದನ್ನು ಬಿಟ್ಟುಕೊಟ್ಟಾಗಿದೆ. ಆ ಆರೂವರೆ ಗಂಟೆಯುದ್ದಕ್ಕೂ, ಮೂರು ಬೇರೆ ಬೇರೆ ಕಾರಣಗಳಿಗೆ, ಆ ತಂತ್ರಾಂಶ ನನ್ನ ಮುಖಕ್ಕೆ ಎಸೆದದ್ದು ಒಂದೇ ಒಂದು ವಾಕ್ಯ ಎಂಬುದೇ ನನ್ನ ಸಿಟ್ಟಿಗೆ ಕಾರಣ: 'ಕಾನ್ಫಿಗರೇಶನ್ ಓದಲು ಸಾಧ್ಯವಾಗಲಿಲ್ಲ.'

ಲಾಗ್‌ಗಳೂ (ಯಂತ್ರ ಬರೆದಿಡುವ ದಿನಚರಿ ಕಡತಗಳೂ) ಕಾನ್ಫಿಗರೇಶನ್ ಕಡತವೂ, ಅಂದರೆ ಸೆಟ್ಟಿಂಗ್‌ಗಳನ್ನಿಟ್ಟ ಆ ಪುಟ್ಟ ಪಠ್ಯ ಕಡತವೂ, ಒಂದೇ ಡಿಸ್ಕ್ ವಿಭಾಗದಲ್ಲಿ ಇರುವಂತೆ ಈ ಸರ್ವರನ್ನು ತಯಾರಕರೇ ಸಿದ್ಧಪಡಿಸಿ ಕೊಟ್ಟಿದ್ದಾರೆ. ಲಾಗ್ ಉಬ್ಬಿ ಡಿಸ್ಕ್ ಭರ್ತಿಯಾಗಿದ್ದ ಹೊತ್ತಿನಲ್ಲೇ ಸರ್ವಿಸ್‌ಗೆ, ಅಂದರೆ ಈ ಸರ್ವರ್‌ನಲ್ಲಿ ಸದಾ ಓಡುವ ನಿರ್ವಹಣಾ ತಂತ್ರಾಂಶಕ್ಕೆ, ತನ್ನ ಸೆಟ್ಟಿಂಗ್‌ಗಳನ್ನು ಉಳಿಸಿಡುವ ಹುಮ್ಮಸ್ಸು ಬಂದಿದೆ. ಅದು ಮಾಡಿದ್ದೇನೆಂದರೆ, ಚೆನ್ನಾಗಿದ್ದ ಹಳೆಯ ಕಡತವನ್ನು ಮೊದಲು ಸೊನ್ನೆಗೆ ಇಳಿಸಿ, ಅದೇ ಜಾಗದಲ್ಲಿ ಹೊಸದನ್ನು ಬರೆಯತೊಡಗಿ, ಜಾಗ ಮುಗಿಯಿತೆಂದು ಆಪರೇಟಿಂಗ್ ಸಿಸ್ಟಮ್ ಹೇಳಿದ ಕೂಡಲೇ ಕೈ ಕೊಡವಿ ಎದ್ದು ಹೋಗಿದೆ. ತಾತ್ಕಾಲಿಕ ಕಡತವೊಂದಕ್ಕೆ ಬರೆದು, ಅದು ಡಿಸ್ಕ್‌ಗೆ ಇಳಿದಿದೆ ಎಂದು ಖಾತ್ರಿ ಮಾಡಿಕೊಂಡು, ಕೊನೆಗೆ ಹೆಸರು ಬದಲಿಸಿದರೆ ಹಳೆಯದಾದರೂ ಪೂರ್ತಿ ಇರುತ್ತದೆ, ಹೊಸದಾದರೂ ಪೂರ್ತಿ ಇರುತ್ತದೆ, ಅರ್ಧಂಬರ್ಧ ಎಂಬುದು ಇರುವುದೇ ಇಲ್ಲ. ಯುನಿಕ್ಸ್ ಜಗತ್ತಿನಲ್ಲಿ ದಶಕಗಳಿಂದ ಎಲ್ಲರಿಗೂ ಗೊತ್ತಿರುವ, ನಾಲ್ಕೈದು ಸಾಲಿನಲ್ಲಿ ಮುಗಿಯುವ ಈ ಎಚ್ಚರಿಕೆಯನ್ನು, ಪ್ರತಿ ವರ್ಷ ಪರವಾನಗಿ ಶುಲ್ಕ ಎಣಿಸಿಕೊಳ್ಳುವವರು ವಹಿಸಬಾರದೇಕೆ?

ಅಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ಸರ್ವಿಸ್ ಬಿದ್ದಾಗಲೆಲ್ಲ ಅದನ್ನು ತಾನಾಗಿ ಎಬ್ಬಿಸುವ ವ್ಯವಸ್ಥೆಯೊಂದಿದೆ. ಅದು ಎಬ್ಬಿಸುತ್ತದೆ, ಸರ್ವಿಸ್ ಕಡತ ಓದಲಾರದೆ ಮತ್ತೆ ಬೀಳುತ್ತದೆ, ಬೀಳುವಾಗ ಒಂದು ದೊಡ್ಡ ಕೋರ್ ಡಂಪ್ (ಬಿದ್ದ ಗಳಿಗೆಯ ಮೆಮೊರಿಯ ನಕಲು) ಬಿಟ್ಟು ಬೀಳುತ್ತದೆ. ನಾನು ಹಳೆಯ ಲಾಗ್‌ಗಳನ್ನು ಅಳಿಸಿ ಮಾಡಿಕೊಟ್ಟ ಜಾಗವನ್ನೆಲ್ಲ ಹತ್ತು ನಿಮಿಷದೊಳಗೆ ಈ ಡಂಪ್‌ಗಳೇ ನುಂಗಿ ಹಾಕಿದ್ದವು.

ವರ್ಚುವಲ್ ಮೆಷಿನ್‌ಗಳು ಮಾತ್ರ ಏನೂ ಆಗದವರಂತೆ ಓಡುತ್ತಲೇ ಇದ್ದವು. ಅವುಗಳನ್ನು ಓಡಿಸುವುದು ಆಯಾ ಹೋಸ್ಟ್‌ಗಳಲ್ಲಿರುವ (ಅವು ನೆಲೆಸಿರುವ ನಿಜವಾದ ಯಂತ್ರಗಳಲ್ಲಿರುವ) ಹೈಪರ್‌ವೈಸರ್ ಎಂಬ ತಂತ್ರಾಂಶ ಆದ್ದರಿಂದ, ನಿರ್ವಹಣಾ ಸರ್ವರ್ ಸತ್ತರೂ ಅವು ಸಾಯುವುದಿಲ್ಲ. ಇದನ್ನು ನಮ್ಮ ಮೇಲಧಿಕಾರಿಗೆ ಆ ರಾತ್ರಿ ನಾಲ್ಕು ಸಲ ವಿವರಿಸಿದೆ. ಆದರೆ ನಿರ್ವಹಣಾ ಸರ್ವರ್ ಕೂಡ ತಾನು ಆಳುವ ಕ್ಲಸ್ಟರ್‌ನೊಳಗೇ (ಹೋಸ್ಟ್‌ಗಳ ಗುಂಪಿನೊಳಗೇ) ಇರುವ ಇನ್ನೊಂದು ವರ್ಚುವಲ್ ಮೆಷಿನ್. ನೆಟ್‌ವರ್ಕ್ ಮೂಲಕ ಒಳಗೆ ಹೋಗಲಾಗದಿದ್ದಾಗ ಅದರ ಕನ್ಸೋಲ್ (ನೇರ ಪರದೆ) ತೆರೆಯಲು ಅದು ಯಾವ ಹೋಸ್ಟ್ ಮೇಲಿದೆ ಎಂದು ತಿಳಿಯಬೇಕು, ಅದನ್ನು ಹೇಳಬೇಕಾದವನು ಈ ನಿರ್ವಹಣಾ ಸರ್ವರೇ, ಅವನೇ ಮಾತಾಡುತ್ತಿಲ್ಲ. ಹೋಸ್ಟ್‌ನಿಂದ ಹೋಸ್ಟ್‌ಗೆ ಒಂದೊಂದಾಗಿ ಲಾಗಿನ್ ಆಗುತ್ತಾ ಹುಡುಕಿದಾಗ, ಏಳನೆಯದರಲ್ಲಿ ಸಿಕ್ಕಿತು.

ಕಡತದ ಗಾತ್ರ ಸರಿಯಾಗಿ 8192 ಬೈಟ್ ಇತ್ತು. ಅದನ್ನು ನೋಡಿದ ಕೂಡಲೇ ರೋಗ ಗೊತ್ತಾಯಿತು. ಮನುಷ್ಯ ಬರೆದ ಯಾವ ಕಡತವೂ 4096ರ ಎರಡರಷ್ಟಕ್ಕೆ ಸರಿಯಾಗಿ ಮುಗಿಯುವ ಕೃಪೆ ತೋರುವುದಿಲ್ಲ. ಡಿಸ್ಕ್‌ನಲ್ಲಿ ಜಾಗ ಹಂಚುವ 4096 ಬೈಟ್‌ನ ತುಂಡುಗಳಲ್ಲಿ, ಅಂದರೆ ಬ್ಲಾಕ್‌ಗಳಲ್ಲಿ, ಎರಡನ್ನು ಬರೆದು ಮೂರನೆಯದಕ್ಕೆ ಜಾಗ ಸಿಗದೆ ನಿಂತಿದೆ, ಅಷ್ಟೆ. ಕಡತ ಇದ್ದದ್ದು ಎಕ್ಸ್‌ಎಂಎಲ್ ಎಂಬ, ಟ್ಯಾಗ್‌ಗಳನ್ನು ತೆರೆದು ಮುಚ್ಚುವ ಪಠ್ಯ ರೂಪದಲ್ಲಿ. ಅಂಥ ಕಡತಗಳನ್ನು ಪರಿಶೀಲಿಸುವ ಎಕ್ಸ್‌ಎಂಎಲ್‌ಲಿಂಟ್ ಎಂಬ ಉಚಿತ ಉಪಕರಣಕ್ಕೆ ಅದೇ ಕಡತ ಕೊಟ್ಟರೆ, ಯಾವ ಸಾಲಿನಲ್ಲಿ, ಯಾವ ಟ್ಯಾಗ್ ಮುಚ್ಚದೆ ಕಡತ ಮುಗಿದುಹೋಗಿದೆ ಎಂದು ಕಣ್ಣು ಮಿಟುಕಿಸುವುದರೊಳಗೆ ಹೇಳಿತು. ಯಾವುದೇ ಎಕ್ಸ್‌ಎಂಎಲ್ ಪಾರ್ಸರ್‌ಗೆ (ಕಡತವನ್ನು ಓದಿ ಬಿಡಿಸುವ ಭಾಗಕ್ಕೆ) ತಾನು ಎಡವಿದ ಸಾಲು ಗೊತ್ತಿರುತ್ತದೆ. ಅಂದರೆ ಈ ಮಹಾಶಯರ ಸರ್ವಿಸ್‌ಗೂ ಅದು ಗೊತ್ತಿತ್ತು, ಗೊತ್ತಿದ್ದೂ ಆ ಮಾಹಿತಿಯನ್ನು ಎಸೆದು, ಓದಲು ಸಾಧ್ಯವಾಗಲಿಲ್ಲ ಎಂಬ ಒಂದು ವಾಕ್ಯ ಬರೆದು ಕೈ ತೊಳೆದುಕೊಂಡಿದೆ.

ಕಳೆದುಹೋದ ಬಾಲವನ್ನು ಎಲ್ಲಿಂದ ತರುವುದು? ಪ್ರತಿ ರಾತ್ರಿ ಕಡತದ ಪ್ರತಿಯೊಂದನ್ನು ತೆಗೆದಿಡುವ ಏರ್ಪಾಡು ಇದೆ, ಆದರೆ ಆ ಪ್ರತಿ ಬೀಳುವುದೂ ಅದೇ ಭರ್ತಿಯಾದ ಡಿಸ್ಕ್ ಮೇಲೆ. ಹಾಗಾಗಿ ನಿನ್ನೆಯ ಪ್ರತಿಯ ಹೆಸರಿತ್ತು, ದಿನಾಂಕವಿತ್ತು, ಒಳಗೆ ಸೊನ್ನೆ ಬೈಟ್. ಕನ್ನಡಿಯೊಳಗಿನ ಗಂಟು! ಅದಕ್ಕೂ ಹಿಂದಿನ ಪ್ರತಿಯನ್ನು ಇವರ ವ್ಯವಸ್ಥೆ ಇಟ್ಟುಕೊಳ್ಳುವುದೇ ಇಲ್ಲ.

ಬೆಂಬಲ ವಿಭಾಗಕ್ಕೆ ಕರೆ ಮಾಡಿದರೆ, ಮೊದಲು ಲಾಗ್ ಬಂಡಲ್ ಕಳುಹಿಸಿ ಎಂದರು. ಬಂಡಲ್ ತಯಾರಾಗಲು ಡಿಸ್ಕ್‌ನಲ್ಲಿ ಜಾಗ ಬೇಕು, ಜಾಗವಿಲ್ಲದ್ದೇ ಕಾಯಿಲೆ ಎಂದು ನಾನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ. ಒಂದು ಗಂಟೆಯ ವಾದದ ನಂತರ ಕಾಣೆಯಾದ ಸಾಲುಗಳ ಮಾದರಿಯನ್ನು ಮೇಲ್‌ನಲ್ಲಿ ಕಳುಹಿಸಿದರು. ನಾನು ಅದನ್ನು ಹಾಗೆಯೇ ಅಂಟಿಸಿ ಸರ್ವಿಸ್ ಎಬ್ಬಿಸಿದೆ. ಮತ್ತೆ ಅದೇ ವಾಕ್ಯ. ಮೇಲ್ ತಂತ್ರಾಂಶವು ನೇರ ಉದ್ಧರಣ ಚಿಹ್ನೆಗಳನ್ನೆಲ್ಲ ಚಂದಗಾಣಿಸಿ ಬಾಗಿದ ಚಿಹ್ನೆಗಳನ್ನಾಗಿ ಮಾಡಿತ್ತು. ಪರದೆಯ ಮೇಲೆ ವ್ಯತ್ಯಾಸ ಕಾಣುವುದೇ ಕಷ್ಟ. ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಅವು ಒಂದು ಬೈಟ್ ಬದಲು ಮೂರು ಬೈಟ್‌ಗಳಾಗುತ್ತವೆ, ಪಾರ್ಸರ್‌ಗೆ ಅವು ಉದ್ಧರಣ ಚಿಹ್ನೆಗಳೇ ಅಲ್ಲ. ಎಲ್ಲವನ್ನೂ ಕೈಯಿಂದ ತಿದ್ದಿ, ಡೇಟಾಬೇಸ್ ಸಂಪರ್ಕದ ಸಾಲುಗಳನ್ನು ಮೂರು ವಾರ ಹಳೆಯ ವರ್ಚುವಲ್ ಮೆಷಿನ್ ಬ್ಯಾಕಪ್‌ನಿಂದ ಹೆಕ್ಕಿ ತಂದು ಕೂಡಿಸಿ, ಎಕ್ಸ್‌ಎಂಎಲ್‌ಲಿಂಟ್ ಸುಮ್ಮನಾದ ಮೇಲೆ ಮತ್ತೆ ಎಬ್ಬಿಸಿದೆ. ಮೂರನೆಯ ಬಾರಿಯೂ ಅದೇ ವಾಕ್ಯ!

ಆಗ ನಾಲ್ಕೂವರೆ. ಕಡತದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ನಾನು ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಹೊಸ ಕಡತ ಮಾಡಿಟ್ಟಿದ್ದರಿಂದ ಅದರ ಒಡೆತನ ರೂಟ್‌ಗೆ ಹೋಗಿತ್ತು, ಬೇರೆ ಬಳಕೆದಾರನ ಹೆಸರಿನಲ್ಲಿ ಓಡುವ ಸರ್ವಿಸ್‌ಗೆ ಅದನ್ನು ತೆರೆಯುವ ಅನುಮತಿಯೇ ಇರಲಿಲ್ಲ. ಇದು ನನ್ನದೇ ತಪ್ಪು, ಒಪ್ಪುತ್ತೇನೆ. ಆದರೆ 'ಅನುಮತಿ ಇಲ್ಲ' ಎಂದು ಆಪರೇಟಿಂಗ್ ಸಿಸ್ಟಮ್ ಸ್ಪಷ್ಟವಾಗಿ ಹೇಳಿ ಕಳುಹಿಸಿದ್ದನ್ನೂ ಅದೇ ಹಾಳು ವಾಕ್ಯದೊಳಗೆ ಹೂತುಬಿಟ್ಟರೆ, ನಿದ್ದೆಗಣ್ಣಿನಲ್ಲಿರುವವನು ಅನುಮತಿಯನ್ನು ಬಿಟ್ಟು ಅಲ್ಪವಿರಾಮಗಳನ್ನು ಎಣಿಸುತ್ತಾ ಕೂರುವುದಿಲ್ಲವೇ?

ಒಡೆತನ ಬದಲಿಸಿದೆ, ಸರ್ವಿಸ್ ಎದ್ದಿತು. ಎದ್ದ ತಕ್ಷಣ ಅದು ಮಾಡಿದ ಮೊದಲ ಕೆಲಸವೆಂದರೆ ನಾನು ರಾತ್ರಿಯಿಡೀ ಹೊಲಿದ ಆ ಕಡತವನ್ನು ಮತ್ತೊಮ್ಮೆ ಬರೆದದ್ದು. ಕುತೂಹಲಕ್ಕೆ ಅದರ ಐನೋಡ್ ಸಂಖ್ಯೆ (ಡಿಸ್ಕ್‌ನಲ್ಲಿ ಪ್ರತಿ ಕಡತಕ್ಕೂ ಇರುವ ಗುರುತು) ನೋಡಿದೆ: ಹೊಸ ಕಡತ ಬರೆದು ಹೆಸರು ಬದಲಿಸಿದ್ದರೆ ಅದು ಬೇರೆಯಾಗಿರಬೇಕಿತ್ತು. ಬದಲಾಗಿರಲಿಲ್ಲ, ಅದೇ ಕಡತವನ್ನು ಸೊನ್ನೆಗೆ ಇಳಿಸಿ, ಅಲ್ಲೇ ಮತ್ತೆ ಬರೆದಿದೆ. ಬೆಂಬಲ ವಿಭಾಗದವರು ಬೆಳಿಗ್ಗೆ ಒಂಬತ್ತಕ್ಕೆ ಟಿಕೆಟ್ ಮುಚ್ಚಿದರು. ಕಾರಣದ ಜಾಗದಲ್ಲಿ 'ಗ್ರಾಹಕರ ಡಿಸ್ಕ್ ನಿರ್ವಹಣೆಯ ಲೋಪ' ಎಂದಿತ್ತು.