ಫ್ಲ್ಯಾಟಿಗೆ ಒಂದೇ ನಾಯಿ ಸರಿ, ಊರಿಗೆಷ್ಟು ವಾರ್ಡು?

ಬೆಂಗಳೂರಿನ ಪಾಲಿಕೆಗೆ ಲೆಕ್ಕ ಬರುವುದಿಲ್ಲ ಅಂತ ಯಾರೂ ಬೈಯಬೇಡಿ. 2018ರಲ್ಲಿ ಸಾಕುನಾಯಿಗಳಿಗೆ ಅಂತಲೇ ಒಂದು ಬೈಲಾ ತಂದಿದ್ದರು, ನೆನಪಿದೆಯಾ? ಫ್ಲ್ಯಾಟ್ ಆದರೆ ಒಂದು ನಾಯಿ, ಪ್ರತ್ಯೇಕ ಮನೆ ಆದರೆ ಮೂರು. ಯಾವ ತಳಿ ಸಾಕಬಹುದು ಅಂತ ಉದ್ದದ ಪಟ್ಟಿ ಬೇರೆ. ಮಧ್ಯರಾತ್ರಿ ಬೈಕ್ ಅಟ್ಟಿಸಿಕೊಂಡು ಬರುವ ಬೀದಿನಾಯಿಗೆ ಮಾತ್ರ ಲೈಸೆನ್ಸೂ ಬೇಡ, ತಳಿಯ ತಕರಾರೂ ಇಲ್ಲ. ಜನ ರೊಚ್ಚಿಗೆದ್ದರು, ಬೈಲಾ ಬಾಲ ಮುದುರಿಕೊಂಡು ಹಿಂದೆ ಹೋಯಿತು.

ಅದೇ ವರ್ಷ ಆಗಸ್ಟ್‌ನಲ್ಲಿ ಹೈಕೋರ್ಟ್ ಛೀಮಾರಿ ಹಾಕಿದ ಮೇಲೆ ಫ್ಲೆಕ್ಸ್‌ಗಳನ್ನು ಕಿತ್ತರು, ಒಂದು ವರ್ಷ ಹೊರಾಂಗಣ ಜಾಹೀರಾತೇ ಬೇಡ ಅಂತ ಕೌನ್ಸಿಲ್ ಸಭೆ ನಿರ್ಣಯವನ್ನೂ ಮಾಡಿತು. ಆಮೇಲೆ? ಯಾವ ಸರ್ಕಲ್ಲಿಗಾದರೂ ಹೋಗಿ ನೋಡಿ. ಕರೆಂಟ್ ಕಂಬಕ್ಕೆ ಬೈಂಡಿಂಗ್ ವೈರ್‌ನಲ್ಲಿ ಬಿಗಿದ ಫ್ಲೆಕ್ಸ್, ಅದರ ನಡುವೆ ಕೈ ಮುಗಿದು ನಿಂತ ಜನಪ್ರಿಯ ನಾಯಕರು, ಕೆಳಗೆ ಸ್ಟಾಂಪ್ ಸೈಜಿನಲ್ಲಿ ಶುಭ ಕೋರುವವರ ಸಾಲು ಸಾಲು ಮುಖ. ತಪ್ಪು ಮಾಡಿದವರು ಯಾರು ಅಂತ ಪತ್ತೆ ಹಚ್ಚೋಕೆ ಪೊಲೀಸರೇ ಬೇಡ. ಫೋಟೋ ಸಮೇತ ಹೆಸರು, ಹುದ್ದೆ ಎಲ್ಲಾ ಅವರೇ ಕೊಟ್ಟಿರುತ್ತಾರೆ!

ಇಷ್ಟಾದರೂ ಆಗ ನಿರ್ಣಯ ಮಾಡೋಕೆ ನಾವೇ ಆರಿಸಿದ ಕಾರ್ಪೊರೇಟರ್‌ಗಳ ಒಂದು ಸಭೆ ಇತ್ತು. 2020ರ ಸೆಪ್ಟೆಂಬರ್‌ಗೆ ಅದರ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನ ಹೇಳುತ್ತದೆ. ಆದರೆ ವಾರ್ಡ್ ಎಷ್ಟು ಅಂತ ಗೊತ್ತಾಗಬೇಕಲ್ವಾ ಮೊದಲು! 198 ಇತ್ತು, 243 ಮಾಡಿದರು. ಸರ್ಕಾರ ಬದಲಾಯಿತು, 225 ಆಯಿತು. ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯನ್ನೇ ಐದು ಹೋಳು ಮಾಡಿ ಮತ್ತೆ ಎಣಿಸಿದರು, ಐದೂ ಸೇರಿ 369. ನಮ್ಮ ಮನೆ ನಾಯಿಯನ್ನು ಒಂದೇ ಏಟಿಗೆ ಎಣಿಸಿದವರಿಗೆ ಸ್ವಂತ ವಾರ್ಡ್ ಎಣಿಸೋಕೆ ಐದು ವರ್ಷವೂ ಸಾಲಲಿಲ್ಲ.

ಅಷ್ಟೂ ದಿನ ನಿಯಮಗಳು ಸುಮ್ನೆ ಕೂತಿರಲಿಲ್ಲ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆಗೆ ಕಸದ ಶುಲ್ಕವೂ ಬಂತು, ಮನೆ ಎಷ್ಟು ದೊಡ್ಡದು ಅಂತ ನೋಡಿ ತಿಂಗಳಿಗೆ 10ರಿಂದ 400 ರೂಪಾಯಿ. ಶುಲ್ಕವೇ ತಪ್ಪು ಅಂತ ನಾನು ಹೇಳುವುದಿಲ್ಲ, ಕಸ ಎತ್ತೋಕೆ ದುಡ್ಡು ಬೇಕೇ ಬೇಕು. ಆದರೆ ಇಷ್ಟು ಯಾಕೆ ಅಂತ ಕೇಳುವ ಒಬ್ಬ ಕಾರ್ಪೊರೇಟರ್ ಆದರೂ ಬೇಡವಾ? ಚುನಾವಣೆಯೇ ಆಗದೆ ಸರ್ಕಾರ ಕೂರಿಸಿದ ಆಡಳಿತಾಧಿಕಾರಿಯೇ ಸಭೆ, ಅವರೇ ನಿರ್ಣಯ. ಯಾರಾದರೂ ಸಭಾತ್ಯಾಗ ಮಾಡಬೇಕು ಅಂದರೆ ಅದನ್ನೂ ಅವರೇ ಮಾಡಬೇಕಿತ್ತು.